ಕುದಿಸಿದ್ದೆವು, ಫ್ರಿಜ್ಜಲ್ಲೂ ಇಟ್ಟಿದ್ದೆವು, ಆದರೂ ಹೊಟ್ಟೆ ಕೆಟ್ಟಿದ್ದೇಕೆ?

ಹಾಸ್ಟೆಲ್ ಮೆಸ್ಸಿರಲಿ, ಮದುವೆ ಅಡುಗೆ ಇರಲಿ, ಊಟ ಮಾಡಿದವರ ಹೊಟ್ಟೆ ಕೆಟ್ಟಾಗ ಅಡುಗೆಯವರ ಮೊದಲ ಮಾತು ಒಂದೇ: "ಚೆನ್ನಾಗಿ ಕುದಿಸಿದ್ವಿ ಸಾರ್." ಬಹಳ ಸಲ ಅದು ನಿಜವೇ. ಎಡವಟ್ಟು ಆಗಿರುವುದು ಒಲೆ ಆರಿಸಿದ ಮೇಲೆ.

ಬ್ಯಾಕ್ಟೀರಿಯಾಕ್ಕೆ ಅಡುಗೆಮನೆ ಸುಖದ ಜಾಗವೇನಲ್ಲ. ಬಿಸಿ, ಚಳಿ, ಹುಳಿ, ಉಪ್ಪು, ಒಣ ಹವೆ, ಸೋಪು, ಎಲ್ಲ ಕಡೆಯಿಂದಲೂ ಏಟು. ಏಟು ಸರಿಯಾಗಿ ಬಿದ್ದರೆ ಸಾಯುತ್ತದೆ. ಅರ್ಧಂಬರ್ಧ ಬಿದ್ದರೆ ಅರೆಪೆಟ್ಟು ತಿಂದ ಹಾವಿನ ಕಥೆ. ಕೆಟ್ಟುಹೋದ ಪ್ರೋಟೀನುಗಳನ್ನು ರಿಪೇರಿ ಮಾಡಿಕೊಳ್ಳುತ್ತದೆ, ಒಳಗೆ ನುಗ್ಗಿದ ಆಮ್ಲವನ್ನು ಆಚೆ ತಳ್ಳುತ್ತದೆ, ಕೆಲವು ಜಾತಿಗಳು ಗಟ್ಟಿ ಬೀಜಕವಾಗಿ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದಂತೆ, ಕೂತುಬಿಡುತ್ತವೆ. ಒಂದು ಕಷ್ಟ ದಾಟಿದ್ದಕ್ಕೆ ಇನ್ನೊಂದು ಕಷ್ಟ ತಡೆಯುವ ಶಕ್ತಿಯೂ ಬರಬಹುದು. ಹುಳಿಗೆ ಹೊಂದಿಕೊಂಡ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬಿಸಿಯನ್ನೂ ಮೊದಲಿಗಿಂತ ಜಾಸ್ತಿ ಹೊತ್ತು ತಡೆಯುತ್ತದೆ.

ಹಾಗಂತ ಎಲ್ಲ ಕಷ್ಟವೂ ಬ್ಯಾಕ್ಟೀರಿಯಾವನ್ನು ಉಗ್ರ ಮಾಡುತ್ತದೆ ಅಂದುಕೊಳ್ಳಬೇಡಿ. ಬಹಳ ಸಲ ಅದು ಸುಸ್ತಾಗುತ್ತದೆ ಅಷ್ಟೇ. ಕೋಳಿಮಾಂಸದಲ್ಲಿ ಬರುವ ಕ್ಯಾಂಪಿಲೋಬ್ಯಾಕ್ಟರ್ ಗಾಳಿಗೆ, ಒಣಗಿದ ಜಾಗಕ್ಕೆ ತಡೆಯದೆ ಸತ್ತುಹೋಗುತ್ತದೆ. ಆದ್ದರಿಂದ ದೋಷ ಹುಡುಕುವಾಗ "ಯಾವ ಪದಾರ್ಥ?" ಎಂದು ಕೇಳಿ ಸುಮ್ಮನಾಗಬೇಡಿ. "ಯಾವ ಏಟು ಅರ್ಧಕ್ಕೆ ನಿಂತಿತು?" ಎಂದು ಕೇಳಿ.

ಮೊದಲು ರೋಗಿ, ಆಮೇಲೆ ಪಾತ್ರೆ

ಈ ಲಕ್ಷಣಗಳಲ್ಲಿ ಒಂದಿದ್ದರೂ ಹುಡುಕಾಟ ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ ಅಥವಾ 108ಕ್ಕೆ ಕರೆ ಮಾಡಿ: ಭೇದಿಯಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ನೀರು ಕೂಡ ನಿಲ್ಲದಂಥ ವಾಂತಿ, ಮೂತ್ರ ನಿಂತುಹೋಗುವುದು, ಮಂಪರು. ಕಣ್ಣು ಮಂಜಾಗಿ, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬೇಡಿ. ಬಸುರಿಯರು, ಹಸುಗೂಸುಗಳು, ವಯಸ್ಸಾದವರು, ಕಿಮೋಥೆರಪಿ ತೆಗೆದುಕೊಳ್ಳುತ್ತಿರುವವರ ವಿಷಯದಲ್ಲಿ "ನಾಳೆ ನೋಡೋಣ" ಬೇಡ. ಉಳಿದವರಿಗೆ ಓಆರ್‌ಎಸ್ ಕೊಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಬೆರೆಸಬೇಕು. ಲೋಟಕ್ಕೆ ಚಿಟಿಕೆ ಉದುರಿಸಿ ಕೊಡುವ ಅಭ್ಯಾಸ ಬಿಡಿ.

ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಮಾತ್ರೆ ನುಂಗಬೇಡಿ, ಮುಖ್ಯವಾಗಿ ಭೇದಿಯಲ್ಲಿ ರಕ್ತ ಇದ್ದಾಗ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒ157 ತಳಿಯಲ್ಲಿ ಶಿಗಾ ವಿಷದ ಜೀನ್ ಇರುವುದು, ಬ್ಯಾಕ್ಟೀರಿಯಾದೊಳಗೆ ಮಲಗಿರುವ ಒಂದು ವೈರಸ್ಸಿನಲ್ಲಿ. ಸಿಪ್ರೊಫ್ಲಾಕ್ಸಸಿನ್‌ನಂಥ ಮದ್ದು ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಆ ವೈರಸ್ ಎಚ್ಚೆತ್ತುಕೊಳ್ಳುತ್ತದೆ, ವಿಷ ಜಾಸ್ತಿ ಹೊರಬರುತ್ತದೆ. ಮಕ್ಕಳಲ್ಲಿ ಇದು ಮೂತ್ರಪಿಂಡಕ್ಕೇ ಹೊಡೆತ ಕೊಡಬಹುದು. ಭೇದಿ ನಿಲ್ಲಿಸುವ ಮಾತ್ರೆಯೂ ಇಲ್ಲಿ ಬೇಡ.

ಲಕ್ಷಣ: ಊಟ ಮಾಡಿ 1ರಿಂದ 6 ಗಂಟೆಯೊಳಗೆ ವಾಂತಿ, ಜ್ವರ ಇಲ್ಲ

ಇಲ್ಲಿ ಬೇಕಾದ ಸಾಧನ ಗಡಿಯಾರ, ಖರ್ಚೇನೂ ಇಲ್ಲ. ಎಷ್ಟು ಗಂಟೆಗೆ ತಿಂದರು, ಎಷ್ಟು ಗಂಟೆಗೆ ಶುರುವಾಯಿತು ಎಂದು ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಿ. ಇಷ್ಟು ಬೇಗ ವಾಂತಿ ಆಗಿದ್ದರೆ ವಿಷ ತಟ್ಟೆಗೆ ಬರುವ ಮೊದಲೇ ತಯಾರಾಗಿತ್ತು ಎಂದರ್ಥ.

ಚಿತ್ರಾನ್ನ, ಪುಳಿಯೋಗರೆ, ಫ್ರೈಡ್ ರೈಸ್ ಇದ್ದರೆ ಮೊದಲ ಅನುಮಾನ ಬ್ಯಾಸಿಲಸ್ ಸೀರಿಯಸ್ ಮೇಲೆ. ಇದರ ಬೀಜಕಗಳು ಅಕ್ಕಿಯ ಜೊತೆಗೇ ಬರುತ್ತವೆ. ಅನ್ನ ಬೆಂದಾಗ ಬೇರೆ ಬ್ಯಾಕ್ಟೀರಿಯಾ ಸಾಯುತ್ತವೆ, ಇವು ಉಳಿಯುತ್ತವೆ. ಅನ್ನ ಹದವಾಗಿ ಬೆಚ್ಚಗೆ ಕೂತಾಗ ಮೊಳೆತು ಬೆಳೆದು ಸೆರುಲೈಡ್ ಎಂಬ ವಿಷ ಬಿಡುತ್ತವೆ. 121 ಡಿಗ್ರಿಯಲ್ಲಿ (ಇಲ್ಲಿಂದ ಮುಂದೆ ಡಿಗ್ರಿ ಎಂದರೆ ಸೆಲ್ಸಿಯಸ್) 90 ನಿಮಿಷ ಕಾಯಿಸಿದರೂ ಆ ವಿಷ ಜಗ್ಗುವುದಿಲ್ಲ. ಒಗ್ಗರಣೆ ಎಷ್ಟೇ ಜೋರಾಗಿ ಹಾಕಿದರೂ ಅಷ್ಟೇ. ಕೇಳಬೇಕಾದ ಪ್ರಶ್ನೆ: ಅನ್ನ ಯಾವಾಗ ಬಸಿದದ್ದು, ಒಗ್ಗರಣೆಗೆ ಹಾಕುವ ತನಕ ಎಲ್ಲಿತ್ತು? ಕೋಣೆಯ ಬಿಸಿಯಲ್ಲಿ 2 ಗಂಟೆಗಿಂತ ಜಾಸ್ತಿ ಇತ್ತು ಎಂದರೆ ಕಾರಣ ಬಹುತೇಕ ಸಿಕ್ಕಿತು.

ಅನ್ನ ಅಲ್ಲ, ಪೇಡ, ಖೋವಾ ಬರ್ಫಿ, ಕ್ರೀಮ್ ಕೇಕ್ ಎಂದರೆ ಅಡುಗೆಯವರ ಕೈ ನೋಡಿ. ಗಾಯ, ಕುರು, ಕೊಳಕು ಬ್ಯಾಂಡೇಜ್ ಏನಾದರೂ ಇದೆಯಾ? ಸ್ಟ್ಯಾಫಿಲೋಕಾಕಸ್ ಆರಿಯಸ್ ನಮ್ಮ ಚರ್ಮ, ಮೂಗಿನಲ್ಲೇ ಇರುವಂಥದ್ದು. ಉಪ್ಪು, ಸಕ್ಕರೆ ಜಾಸ್ತಿ ಇದ್ದಲ್ಲಿ ಬೇರೆಯವು ಬೆಳೆಯಲಾರವು, ಇದು ಬೆಳೆಯುತ್ತದೆ. ನೂರಕ್ಕೆ 10 ಪಾಲು ಉಪ್ಪಿದ್ದರೂ ಇದಕ್ಕೆ ತೊಂದರೆ ಇಲ್ಲ. ಪೈಪೋಟಿ ಇಲ್ಲದ ಊಟದಲ್ಲಿ ಹಾಯಾಗಿ ಬೆಳೆದು ವಿಷ ಬಿಡುತ್ತದೆ. ಆ ವಿಷವೂ ಕುದಿತಕ್ಕೆ ಹೋಗುವುದಿಲ್ಲ.

ಇವೆರಡರಲ್ಲೂ ಉಳಿದ ಆಹಾರ ಎಸೆಯುವುದೊಂದೇ ದಾರಿ. ಎಸೆಯುವ ಮೊದಲು ಸ್ವಲ್ಪ ಮಾದರಿ ತೆಗೆದಿಡಿ, ಅದರ ಕ್ರಮ ಕೊನೆಯಲ್ಲಿದೆ.

ಲಕ್ಷಣ: ರಾತ್ರಿ ಊಟ, ಬೆಳಗ್ಗೆ ಹೊಟ್ಟೆ ನುಲಿತ ಮತ್ತು ಭೇದಿ, ವಾಂತಿ ಕಡಿಮೆ

ಊಟವಾಗಿ 8ರಿಂದ 12 ಗಂಟೆ ಕಳೆದಿದೆ, ಒಟ್ಟಿಗೆ ಹತ್ತಾರು ಜನಕ್ಕೆ ಆಗಿದೆ, ಜ್ವರ ಯಾರಿಗೂ ಇಲ್ಲ. ಸಾಮೂಹಿಕ ಅಡುಗೆಯಲ್ಲಿ ಇದು ಮಾಮೂಲಿ ಚಿತ್ರ. ಕೊಳಗದ ಕಡೆ ನಡೆಯಿರಿ.

ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್‌ಗೆ ನಾವು ಎಷ್ಟು ಸಹಾಯ ಮಾಡುತ್ತೇವೆ ನೋಡಿ. ಅದಕ್ಕೆ ಗಾಳಿ ಆಗದು. ಕುದಿಸಿದಾಗ ಸಾರಿನೊಳಗಿನ ಆಮ್ಲಜನಕ ಹೊರಟುಹೋಗುತ್ತದೆ. ಅದರ ಬೀಜಕಗಳು ನಿದ್ದೆಯಲ್ಲಿರುತ್ತವೆ, ಕುದಿತದ ಬಿಸಿಯೇ ಅವನ್ನು ಎಬ್ಬಿಸುತ್ತದೆ. ಪೈಪೋಟಿಗೆ ಇದ್ದವೆಲ್ಲ ಸತ್ತಿವೆ. ಆಮೇಲೆ ಆ ದೊಡ್ಡ ಪಾತ್ರೆಯನ್ನು ಮುಚ್ಚಿ ಮೂಲೆಯಲ್ಲಿಡುತ್ತೇವೆ. 43ರಿಂದ 45 ಡಿಗ್ರಿ ಅದಕ್ಕೆ ತುಂಬಾ ಇಷ್ಟ, ಅಲ್ಲಿ 10 ನಿಮಿಷದೊಳಗೆ ಎರಡರಷ್ಟಾಗುತ್ತದೆ. ಒಂದು ಗಂಟೆಯಲ್ಲಿ ಎಷ್ಟಾಯಿತು ಲೆಕ್ಕ ಹಾಕಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಕಡ್ಡಿ ಥರ್ಮಾಮೀಟರ್ ಒಂದು ಕೊಳ್ಳಿ, ದುಬಾರಿಯೇನಲ್ಲ. ಮಂಜುಗಡ್ಡೆ ನೀರಿನಲ್ಲಿ ಅದ್ದಿದಾಗ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಲಿಲ್ಲ ಎಂದು ಅಂಗಡಿಗೆ ವಾಪಸ್ ಕೊಡಬೇಡಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಈಗ ಇಳಿಸಿಟ್ಟ ಸಾಂಬಾರಿನ ಕೊಳಗಕ್ಕೆ ಮೂರು ಕಡೆ ಅದ್ದಿ: ಮೇಲೆ, ಅಂಚಿನಲ್ಲಿ, ನಟ್ಟನಡುವೆ. ಮೇಲೆ ಕೆನೆಗಟ್ಟಿ ಕೈಗೆ ಬೆಚ್ಚಗಷ್ಟೇ ತಾಗುತ್ತಿರುತ್ತದೆ. ನಡುವಿನ ಬೇಳೆಯ ಗಸಿಯಲ್ಲಿ ಮುಳ್ಳು ಮೇಲಕ್ಕೆ ಏರುತ್ತದೆ. ಗಂಟೆಗೊಮ್ಮೆ ಇದನ್ನೇ ಬರೆದಿಡಿ. ನಡುಭಾಗ 50ರಿಂದ 40ಕ್ಕೆ ಇಳಿಯಲು ಎಷ್ಟು ಗಂಟೆ ತೆಗೆದುಕೊಂಡಿತೋ ಅದೇ ನಿಮ್ಮ ದೋಷ.

ಇನ್ನೊಂದು ಮಾತು. ಈ ಬ್ಯಾಕ್ಟೀರಿಯಾ ಕಾಯಿಲೆಯ ವಿಷವನ್ನು ಪಾತ್ರೆಯಲ್ಲಿ ತಯಾರಿಸುವುದಿಲ್ಲ, ನಮ್ಮ ಕರುಳಿನಲ್ಲಿ ತಯಾರಿಸುತ್ತದೆ. ಕರುಳಿಗೆ ಬಂದು ಮತ್ತೆ ಬೀಜಕವಾಗಲು ಹೊರಟಾಗ ವಿಷ ಹುಟ್ಟುತ್ತದೆ. ತನ್ನ ಉಳಿವಿಗಾಗಿ ಅದು ಮಾಡಿಕೊಳ್ಳುವ ಕೆಲಸವೇ ನಮಗೆ ರೋಗ. ಅದಕ್ಕೇ ರುಚಿ, ವಾಸನೆ ಚೆನ್ನಾಗಿಯೇ ಇದ್ದ ಸಾರಿನಿಂದ ಇಷ್ಟು ಜನ ಮಲಗುತ್ತಾರೆ.

ಪರಿಹಾರ: ಉಳಿದದ್ದನ್ನು ಅಗಲವಾದ ತಟ್ಟೆಗಳಿಗೆ ನಾಲ್ಕು ಬೆರಳು ಮೀರದಂತೆ ಸುರಿಯಿರಿ, ತಳವನ್ನು ತಣ್ಣೀರಲ್ಲಿಡಿ, ಆಗಾಗ ತೊಳೆದ ಸೌಟಿನಿಂದ ತಿರುವಿ. 2 ಗಂಟೆಯಲ್ಲಿ 21 ಡಿಗ್ರಿಗೆ ಇಳಿಯಬೇಕು, ಆಮೇಲಿನ 4 ಗಂಟೆಯಲ್ಲಿ 5ಕ್ಕೆ ಬರಬೇಕು. ಇಳಿಸಲು ಆಗದಿದ್ದರೆ 60ಕ್ಕಿಂತ ಮೇಲೆ ಬಿಸಿಯಾಗಿಯೇ ಇಡಿ. ಎರಡೂ ಆಗುವುದಿಲ್ಲ ಎಂದರೆ ಅಷ್ಟು ಅಡುಗೆ ಮಾಡಬೇಡಿ, ಅಷ್ಟೇ.

ಲಕ್ಷಣ: ಬಿಸಿ ಮಾಡಿಯೇ ಬಡಿಸಿದ್ದು, ಆದರೂ ಆಯಿತು

ಬಿಸಿ ಎಂದರೆ ಎಷ್ಟು ಬಿಸಿ, ಎಷ್ಟು ಬೇಗ? ದೊಡ್ಡ ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗುವವರಿದ್ದಾರೆ. 45ರಿಂದ 48 ಡಿಗ್ರಿ ಆಸುಪಾಸಿನಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಸಾಯುವುದಿಲ್ಲ, ಬೆದರುತ್ತವೆ. ಬೆದರಿದಾಗ ಶಾಖಾಘಾತ ಪ್ರೋಟೀನುಗಳನ್ನು ತಯಾರಿಸುತ್ತವೆ. ಬಿಸಿಗೆ ಮುದುಡಿದ ಬೇರೆ ಪ್ರೋಟೀನುಗಳನ್ನು ಇವು ಮತ್ತೆ ಸರಿಯಾಗಿ ಮಡಿಸುತ್ತವೆ. ಆ ತಯಾರಿ ಮಾಡಿಕೊಂಡ ಬ್ಯಾಕ್ಟೀರಿಯಾ 60 ಡಿಗ್ರಿಯಲ್ಲಿ, ತಯಾರಿ ಇಲ್ಲದ್ದಕ್ಕಿಂತ ಹೆಚ್ಚು ಹೊತ್ತು ಬದುಕುತ್ತದೆ.

ಆದ್ದರಿಂದ ಸ್ವಲ್ಪ ಸ್ವಲ್ಪವೇ ತೆಗೆದು ಜೋರು ಉರಿಯಲ್ಲಿ ಬೇಗ ಕುದಿಸಿ. ನಡುವೆ 75 ತೋರಿಸುವ ತನಕ ಬಡಿಸಬೇಡಿ. ಮೈಕ್ರೋವೇವ್ ಆದರೆ ಮಧ್ಯೆ ಒಮ್ಮೆ ತಿರುವಿ, ಒಂದು ಮೂಲೆ ಕುದಿಯುತ್ತಿದ್ದರೆ ಇನ್ನೊಂದು ಮೂಲೆ ತಣ್ಣಗಿರುತ್ತದೆ. ಎರಡನೇ ಸಲ ಬಿಸಿ ಮಾಡಿ ಉಳಿದದ್ದು ಮೂರನೇ ಸಲಕ್ಕೆ ಬೇಡ.

ಲಕ್ಷಣ: ಫ್ರಿಜ್ಜಿನಿಂದ ಹೊರಗೇ ತೆಗೆದಿಲ್ಲ, ಆದರೂ ಜ್ವರ, ಮೈಕೈ ನೋವು

ಮೊದಲು ಫ್ರಿಜ್ಜನ್ನೇ ಪರೀಕ್ಷಿಸಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಬಾಗಿಲು ತೆರೆದ ತಕ್ಷಣ ನೋಡಿ, 5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬಾಗಿಲಿನ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಸಡಿಲಾಗಿದೆ. ಅರ್ಧದಷ್ಟು ತೊಂದರೆ ಇಲ್ಲೇ ಬಗೆಹರಿಯುತ್ತದೆ.

ಫ್ರಿಜ್ ಸರಿಯಿದ್ದರೆ ಲಿಸ್ಟೀರಿಯಾ ಮೊನೊಸೈಟೋಜೀನ್ಸ್ ನೆನಪಾಗಬೇಕು. ಇದು 0 ಡಿಗ್ರಿ ಹತ್ತಿರದಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಚಳಿಯಲ್ಲಿ ಪೊರೆ ಗಟ್ಟಿಯಾಗದಂತೆ ಕೊಬ್ಬಿನ ಬಗೆಯನ್ನೇ ಬದಲಿಸಿಕೊಳ್ಳುತ್ತದೆ. ಆಹಾರದಿಂದಲೇ ಬೀಟೈನ್, ಕಾರ್ನಿಟೈನ್ ಎಂಬ ಸಣ್ಣ ಅಣುಗಳನ್ನು ಒಳಗೆ ತುಂಬಿಕೊಂಡು ಉಪ್ಪು, ಚಳಿ ಎರಡನ್ನೂ ತಡೆಯುತ್ತದೆ. ರೋಗ ತರುವ ಜೀನುಗಳಿಗೆ ಒಂದು ಸ್ವಿಚ್ ಇದೆ, ಅದು ಬಿಸಿ ನೋಡಿ ಕೆಲಸ ಮಾಡುತ್ತದೆ. ಚಳಿಯಲ್ಲಿ ಒಂದು ಆರ್‌ಎನ್‌ಎ ಎಳೆ ಮಡಿಸಿಕೊಂಡಿರುತ್ತದೆ, ಪಿಆರ್‌ಎಫ್‌ಎ ಎಂಬ ಪ್ರೋಟೀನ್ ತಯಾರಾಗುವುದಿಲ್ಲ. ನಮ್ಮ ಮೈಯ 37 ಡಿಗ್ರಿಗೆ ಬಂದ ಕೂಡಲೇ ಎಳೆ ಬಿಚ್ಚಿಕೊಳ್ಳುತ್ತದೆ, ಆಯುಧಗಳು ಹೊರಬರುತ್ತವೆ. ಫ್ರಿಜ್ಜಿನಲ್ಲಿ ಸದ್ದಿಲ್ಲದೆ ಬೆಳೆಯುವುದು, ಮೈಯೊಳಗೆ ಬಂದು ದಾಳಿ ಮಾಡುವುದು ಇದರ ವರಸೆ.

ಇಲ್ಲಿ ಗಡಿಯಾರ ಕೈಕೊಡುತ್ತದೆ. ಲಕ್ಷಣ ಕಾಣಲು ಕೆಲವೊಮ್ಮೆ 70 ದಿನ ಬೇಕಾಗಬಹುದು, ಅಷ್ಟು ಹಿಂದೆ ಏನು ತಿಂದೆವು ಎಂದು ಯಾರಿಗೆ ನೆನಪಿರುತ್ತದೆ? ದಕ್ಷಿಣ ಆಫ್ರಿಕಾದಲ್ಲಿ 2017-18ರಲ್ಲಿ ಪೊಲೊನಿ ಎಂಬ ತಣ್ಣನೆಯ ಮಾಂಸದ ತಿನಿಸಿನಿಂದ ಸಾವಿರಕ್ಕೂ ಹೆಚ್ಚು ಜನಕ್ಕೆ ಹರಡಿ, 200ಕ್ಕೂ ಹೆಚ್ಚು ಜನ ಸತ್ತರು. ಬಸುರಿಯರಿಗೆ ಜ್ವರ ಸಣ್ಣದಾಗಿಯೇ ಬಂದು ಹೋದರೂ ಮಗುವಿಗೆ ಅಪಾಯ. ಅವರಿಗೆ ತಣ್ಣನೆಯ ಸಾಸೇಜ್, ಹಸಿ ಹಾಲಿನ ಚೀಸ್ ಬೇಡ, ಜ್ವರ ಬಂದರೆ ನೇರ ವೈದ್ಯರ ಹತ್ತಿರ ಹೋಗಲಿ. ಇಲ್ಲಿ ಆ್ಯಂಟಿಬಯಾಟಿಕ್ ಬೇಕೇ ಬೇಕು, ಆದರೆ ಅದನ್ನು ವೈದ್ಯರೇ ಬರೆದುಕೊಡಬೇಕು.

ಲಕ್ಷಣ: "ಹುಳಿ ಇತ್ತಲ್ವಾ, ಅದಕ್ಕೇನಾಗತ್ತೆ?"

ಹುಳಿ ಒಳ್ಳೆಯ ಕಾವಲುಗಾರ, ಸಾಕಷ್ಟು ಇದ್ದಾಗ ಮಾತ್ರ. ಸಾಲ್ಮೊನೆಲ್ಲಾವನ್ನು ನೇರವಾಗಿ ಪಿಎಚ್ 3.3ಕ್ಕೆ (ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಹಾಕಿದರೆ ಬೇಗ ಸಾಯುತ್ತದೆ. ಮೊದಲು ಪಿಎಚ್ 5.8ರಷ್ಟು ತೆಳು ಹುಳಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಹಾಕಿದರೆ ಬಹಳಷ್ಟು ಬದುಕುತ್ತವೆ. ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಮಾಡಿ ನೋಡಿದ ಪರೀಕ್ಷೆ ಇದು. ಅಡುಗೆಮನೆಯಲ್ಲಿ ನಿಧಾನಕ್ಕೆ ಹುಳಿಯೇರುವ ಪದಾರ್ಥದಲ್ಲೂ ಹೀಗೇ ಆಗಬಹುದು. ಹೀಗೆ ಪಳಗಿದ್ದು ಹೊಟ್ಟೆಯ ಆಮ್ಲವನ್ನೂ ದಾಟುತ್ತದೆ, ಕರುಳು ತಲುಪುವ ಸಂಖ್ಯೆ ಜಾಸ್ತಿಯಾಗುತ್ತದೆ. ನಮ್ಮ ರಕ್ಷಣಾ ಕೋಶಗಳು ಅದನ್ನು ನುಂಗಿದಾಗ ಅಲ್ಲಿಯೂ ಹುಳಿಯೇ. ಸಾಲ್ಮೊನೆಲ್ಲಾ ಆ ಹುಳಿಯನ್ನು ಸೂಚನೆಯಾಗಿ ತೆಗೆದುಕೊಂಡು ಕೋಶದೊಳಗೇ ಬದುಕುವ ಜೀನುಗಳನ್ನು ಹಚ್ಚುತ್ತದೆ.

1996ರಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಪಾಶ್ಚರೀಕರಿಸದ ಸೇಬಿನ ರಸದಿಂದ ಇ. ಕೋಲಿ ಒ157 ಹರಡಿ ಒಂದು ಮಗು ಸತ್ತಿತು. ಸೇಬಿನ ರಸ ಹುಳಿಯೇ, ಆದರೂ.

ನೋಡಬೇಕಾದದ್ದು: ಮೊಸರನ್ನಕ್ಕೆ ಎಷ್ಟು ಮೊಸರು, ಎಷ್ಟು ಹಾಲು? "ಹುಳಿಯಾಗದಿರಲಿ" ಎಂದು ಹಾಲು ಜಾಸ್ತಿ, ಮೊಸರು ಚಮಚೆಯಷ್ಟು ಹಾಕಿ ಬೆಚ್ಚಗಿನ ಅನ್ನಕ್ಕೆ ಕಲಸಿ ಪ್ಯಾಕ್ ಮಾಡಿದರೆ ಅದು ಹಲವು ಗಂಟೆ ಹುಳಿಯಿಲ್ಲದ ಬೆಚ್ಚನೆಯ ಹಾಲನ್ನ. ಅನ್ನ ಪೂರ್ತಿ ಆರಲಿ, ಚೆನ್ನಾಗಿ ಹೆಪ್ಪಾದ ಮೊಸರು ಧಾರಾಳವಾಗಿರಲಿ, ಹಾಲು ಕಾಯಿಸಿ ಆರಿಸಿದ್ದಿರಲಿ. ಚಟ್ನಿಗೆ ಹುಣಸೆ ಹಾಕಿದ್ದೇವೆ ಎಂಬ ಧೈರ್ಯವೂ ಬೇಡ. ತೆಂಗಿನಕಾಯಿ ಚಟ್ನಿಗೆ ಹಾಕುವ ಹುಣಸೆ ರುಚಿಗೆ ಮಾತ್ರ, ಕಾವಲಿಗಲ್ಲ. ಸಂಜೆ ಉಳಿದ ಚಟ್ನಿಯನ್ನು ಹೊಸದಕ್ಕೆ ಬೆರೆಸುವ ಅಭ್ಯಾಸ ಹೋಟೆಲಿನಲ್ಲಿ ಕಂಡರೆ ಅಲ್ಲೇ ತಡೆಯಿರಿ.

ಲಕ್ಷಣ: ಒಣ ಪದಾರ್ಥದ ಮೇಲೆ ಅನುಮಾನ

ಒಣಗಿದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನಿಜ. ಆದರೆ ಕೆಲವು ಸಾಯುವುದೂ ಇಲ್ಲ. ಮಸಾಲೆ ಪುಡಿ, ಹಾಲಿನ ಪುಡಿ, ಕಡಲೆಕಾಯಿ ಬೆಣ್ಣೆ, ಚಾಕೊಲೇಟಿನಲ್ಲಿ ಸಾಲ್ಮೊನೆಲ್ಲಾ ತಿಂಗಳುಗಟ್ಟಲೆ ಕೂರುತ್ತದೆ. ಒಣಗಿದಾಗ ಅದಕ್ಕೆ ಬಿಸಿ ತಡೆಯುವ ಶಕ್ತಿ ವಿಪರೀತ ಹೆಚ್ಚುತ್ತದೆ. ನೀರಿನಂಥ ಸಾರಿನಲ್ಲಿ 70 ಡಿಗ್ರಿಗೆ ಸೆಕೆಂಡುಗಳಲ್ಲಿ ಸಾಯುವುದು, ಒಣ ಪುಡಿಯಲ್ಲಿ ಅದೇ ಬಿಸಿಗೆ ಬಹಳ ಹೊತ್ತು ಉಳಿಯುತ್ತದೆ. ಬಾಣಲೆಯಲ್ಲಿ ಸುಮ್ನೆ ಬೆಚ್ಚಗೆ ಮಾಡಿದರೆ ಸಾಕು ಎಂಬ ನಂಬಿಕೆಗೆ ಇಲ್ಲಿ ಬೆಲೆ ಇಲ್ಲ. ಕೊಬ್ಬು ಜಾಸ್ತಿ ಇರುವ ತಿನಿಸು ಹೊಟ್ಟೆಯ ಆಮ್ಲದಿಂದಲೂ ಅದನ್ನು ಕಾಪಾಡುತ್ತದೆ ಎಂದು ತಿಳಿಯಲಾಗಿದೆ, ಆದ್ದರಿಂದ ಬೆರಳೆಣಿಕೆಯ ಬ್ಯಾಕ್ಟೀರಿಯಾವೂ ಸಾಕಾಗಬಹುದು. 1993ರಲ್ಲಿ ಜರ್ಮನಿಯಲ್ಲಿ ಪ್ಯಾಪ್ರಿಕಾ ಪುಡಿ ಉದುರಿಸಿದ ಆಲೂ ಚಿಪ್ಸ್‌ನಿಂದ ಹೀಗೇ ಆಯಿತು, ಮಲಗಿದವರಲ್ಲಿ ಮಕ್ಕಳೇ ಜಾಸ್ತಿ. ಅಮೆರಿಕದಲ್ಲಿ 2008-09ರ ಕಡಲೆಕಾಯಿ ಬೆಣ್ಣೆ ಪ್ರಕರಣದಲ್ಲಿ 714 ಜನರಿಗೆ ರೋಗ ಬಂತು, 9 ಜನ ಸತ್ತರು.

ನಮ್ಮಲ್ಲಿ ನಾನು ಮೊದಲು ನೋಡುವುದು ಕಾರದ ಪುಡಿ ಎಲ್ಲಿ ಬೀಳುತ್ತದೆ ಎಂದು. ಒಗ್ಗರಣೆಯ ಎಣ್ಣೆಗೆ, ಕುದಿಯುವ ಹುಳಿಗೆ ಬಿದ್ದರೆ ಚಿಂತೆ ಕಡಿಮೆ. ಕತ್ತರಿಸಿದ ಕಲ್ಲಂಗಡಿ, ಸೌತೆಕಾಯಿ, ಅನಾನಸ್ ಮೇಲೆ ಉದುರಿದರೆ ಕಥೆ ಬೇರೆ. ತಿಂಗಳಿಂದ ಒಣಗಿ ಕೂತದ್ದಕ್ಕೆ ನೀರು, ಸಕ್ಕರೆ, ಬಿಸಿಲು ಮೂರೂ ಒಟ್ಟಿಗೆ ಸಿಕ್ಕವು. ಹಣ್ಣು ಹೆಚ್ಚಿದ ಕೂಡಲೇ ತಿನ್ನಿ, ತಳ್ಳುಗಾಡಿಯಲ್ಲಿ ಹೆಚ್ಚಿಟ್ಟದ್ದು ಬೇಡ.

ಶಿಶುಗಳ ಹಾಲಿನ ಪುಡಿಯಲ್ಲಿ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದೂ ಒಣಗಿ ಬದುಕುವುದರಲ್ಲಿ ಪಳಗಿದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 70 ಡಿಗ್ರಿಗೆ ಕಡಿಮೆಯಾಗದ ನೀರಿನಲ್ಲಿ ಕಲಸಿ, ಬೇಗ ಆರಿಸಿ, ಮಗುವಿಗೆ ಕೊಡುವ ಮೊದಲು ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ.

ಲಕ್ಷಣ: ಉಬ್ಬಿದ ಡಬ್ಬಿ, ಮುಚ್ಚಳ ತೆರೆದಾಗ ಚಿಮ್ಮಿದ ಬಾಟಲಿ

ತೆರೆಯಬೇಡಿ, ನೆಕ್ಕಿ ನೋಡಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕ ಗಾಳಿಯಿಲ್ಲದ, ಹುಳಿ ಕಡಿಮೆಯಿರುವ, ಅಂದರೆ ಪಿಎಚ್ 4.6ಕ್ಕಿಂತ ಮೇಲಿನ ಜಾಗದಲ್ಲಿ ಮೊಳೆತು ವಿಷ ಬಿಡುತ್ತದೆ. ಉಬ್ಬದೆ, ವಾಸನೆಯೂ ಬಾರದೆ ವಿಷ ಇರುವುದುಂಟು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯನ್ನು ಹೊರಗಿಡಬೇಡಿ.

ಲಕ್ಷಣ: ಎಲ್ಲ ಸರಿಮಾಡಿದರೂ ತಿಂಗಳಿಗೊಮ್ಮೆ ಮರುಕಳಿಸುತ್ತದೆ

ಈಗ ಸ್ವಲ್ಪ ಕಷ್ಟದ ಕೆಲಸ. ಹೆಚ್ಚುವ ಹಲಗೆ, ಗ್ರೈಂಡರಿನ ರಬ್ಬರ್ ವಾಷರ್, ಮಿಕ್ಸಿ ಜಾರಿನ ತಳ, ಸಿಂಕಿನ ಜಾಲರಿ, ಮಸಿಬಟ್ಟೆ. ಬೆರಳಿನಿಂದ ಉಜ್ಜಿ, ಜಾರುವ ಲೋಳೆ ಸಿಕ್ಕಿತೇ? ಅದು ಬ್ಯಾಕ್ಟೀರಿಯಾ ತಮ್ಮ ಸುತ್ತ ಕಟ್ಟಿಕೊಂಡ ಪೊರೆ. ಅದರೊಳಗಿರುವವಕ್ಕೆ ಕ್ಲೋರಿನ್ ಸರಿಯಾಗಿ ತಲುಪುವುದಿಲ್ಲ. ಹೊಲಸಿನ ಮೇಲೆ ಬ್ಲೀಚ್ ಸುರಿದರೆ ಕ್ಲೋರಿನ್ ಹೊಲಸಿಗೇ ಖರ್ಚಾಗುತ್ತದೆ, ಉಳಿದ ಬ್ಯಾಕ್ಟೀರಿಯಾಕ್ಕೆ ಸಿಗುವುದು ಅರೆಪೆಟ್ಟೇ.

ಮೊದಲು ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆಯಿರಿ. ಆಮೇಲೆ ಬ್ಲೀಚ್: ಲೇಬಲ್ಲಿನಲ್ಲಿ 5% ಎಂದಿದ್ದರೆ ಲೀಟರ್ ನೀರಿಗೆ 4 ಮಿಲಿ, ಆಗ 200 ಪಿಪಿಎಂ (ಹತ್ತು ಲಕ್ಷ ಪಾಲಿಗೆ 200 ಪಾಲು) ಆಗುತ್ತದೆ. ಕನಿಷ್ಠ 2 ನಿಮಿಷ ಒದ್ದೆಯಾಗಿರಲಿ, ನಂತರ ಚೆನ್ನಾಗಿ ಒಣಗಿಸಿ. ಬ್ಲೀಚನ್ನು ವಿನೆಗರ್, ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಬಿರುಕು ಬಿಟ್ಟ ಹಲಗೆ ಮತ್ತು ಹಳೆಯ ವಾಷರ್ ತೊಳೆದು ಪ್ರಯೋಜನವಿಲ್ಲ, ಬದಲಿಸಿ.

ಲಕ್ಷಣ: ಲ್ಯಾಬ್ ವರದಿ ಕ್ಲೀನ್, ಜನರಿಗೆ ಮಾತ್ರ ಹುಷಾರಿಲ್ಲ

ವರದಿ ನೋಡಿ ಅಡುಗೆಮನೆ ಪರಿಶುದ್ಧ ಎಂದು ತೀರ್ಮಾನಿಸುವುದು ಬೇಡ. ಪೆಟ್ಟು ತಿಂದ ಬ್ಯಾಕ್ಟೀರಿಯಾ ಲ್ಯಾಬಿನ ತಟ್ಟೆಯ ಮೇಲೆ ಬೆಳೆಯದೇ ಇರಬಹುದು. ಬೇರೆಯವನ್ನು ತಡೆಯಲೆಂದು ಆ ತಟ್ಟೆಗೆ ಹಾಕುವ ರಾಸಾಯನಿಕಗಳೇ ಗಾಯಗೊಂಡ ಕೋಶಕ್ಕೆ ಮುಳುವಾಗುತ್ತವೆ. ಇದಕ್ಕಿಂತ ಮುಂದೆ ಹೋಗಿ, ಬದುಕಿದ್ದೂ ತಟ್ಟೆಯಲ್ಲಿ ಬೆಳೆಯದ ಸ್ಥಿತಿಯೊಂದಿದೆ. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ 1982ರಲ್ಲಿ ಕಾಲರಾ ಬ್ಯಾಕ್ಟೀರಿಯಾ ಮತ್ತು ಇ. ಕೋಲಿಯಲ್ಲಿ ಇದನ್ನು ತೋರಿಸಿತು.

ಲ್ಯಾಬಿನವರನ್ನು ಎರಡು ಪ್ರಶ್ನೆ ಕೇಳಿ. ಸಾಲ್ಮೊನೆಲ್ಲಾ ಹುಡುಕುವ ಮೊದಲು ಮಾದರಿಯನ್ನು ಬಫರ್ ಪೆಪ್ಟೋನ್ ನೀರಿನಲ್ಲಿ ಸುಮಾರು 18 ಗಂಟೆ ಇಟ್ಟು ಚೇತರಿಸಿಕೊಳ್ಳಲು ಬಿಟ್ಟಿದ್ದೀರಾ? ವಾಂತಿ ಪ್ರಕರಣದಲ್ಲಿ ಸ್ಟ್ಯಾಫಿಲೋಕಾಕಸ್ ಸಂಖ್ಯೆ ಮಾತ್ರ ನೋಡಿದಿರೋ, ವಿಷವನ್ನೂ ಪರೀಕ್ಷಿಸಿದಿರೋ? ಮತ್ತೆ ಬಿಸಿ ಮಾಡಿದ ತಿನಿಸಿನಲ್ಲಿ ಬ್ಯಾಕ್ಟೀರಿಯಾ ಸತ್ತು ವಿಷ ಮಾತ್ರ ಉಳಿದಿರುತ್ತದೆ, ಸಂಖ್ಯೆ ಸೊನ್ನೆ ಬಂದರೆ ಆಶ್ಚರ್ಯವಿಲ್ಲ.

  

ಮಾದರಿ ತೆಗೆಯುವ ಕ್ರಮ ಇಷ್ಟು. ಕುದಿನೀರಿನಲ್ಲಿ ಅದ್ದಿ ಆರಿಸಿದ ಚಮಚದಿಂದ, ಹೊಸ ಜಿಪ್ ಚೀಲಕ್ಕೆ ಕಾಲು ಕೆಜಿಯಷ್ಟು ಹಾಕಿ. ಪಾತ್ರೆಯ ನಡುವಿನಿಂದ ತೆಗೆಯಿರಿ. ಮೇಲೆ ಪದಾರ್ಥ, ದಿನ, ಗಂಟೆ ಬರೆಯಿರಿ. ಮಂಜುಗಡ್ಡೆ ಸುತ್ತಿ 0ರಿಂದ 4 ಡಿಗ್ರಿಯಲ್ಲಿ 24 ಗಂಟೆಯೊಳಗೆ ತಲುಪಿಸಿ. ಫ್ರೀಜರಿನಲ್ಲಿ ಹಾಕಬೇಡಿ, ಪರ್‌ಫ್ರಿಂಜೆನ್ಸ್ ಅಲ್ಲೇ ಸತ್ತು ಸುಳಿವು ಅಳಿಸಿಹೋಗುತ್ತದೆ. ಎನ್‌ಎಬಿಎಲ್ ಎಂಬ, ಲ್ಯಾಬುಗಳನ್ನು ಪರಿಶೀಲಿಸುವ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬನ್ನೇ ಆರಿಸಿ. ಹಲವರಿಗೆ ಒಟ್ಟಿಗೆ ಹುಷಾರು ತಪ್ಪಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅದೇ ದಿನ ತಿಳಿಸಿ. ಕಾನೂನಿನ ಮಾದರಿ ತೆಗೆಯುವುದು ಆಹಾರ ಸುರಕ್ಷತಾಧಿಕಾರಿಯ ಕೆಲಸ, ಅವರು ಬರುವ ತನಕ ಕೊಳಗ ತೊಳೆಯಬೇಡಿ.